ಟೊಮೆಟೊ ಬಾಕ್ಸಿನ ರೇಟು ಓದುವುದು ಹೇಗೆ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆಜಿ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈ–ಆಗಸ್ಟ್‌ನಲ್ಲಿ ಆ ಬಾಕ್ಸು 2,000 ರೂಪಾಯಿ ದಾಟಿತ್ತು. ಗಾಡಿ ಬಾಡಿಗೆಗೂ ಸಾಲದ ರೇಟು ಬಂದು ರಸ್ತೆ ಬದಿಗೆ ಸುರಿದು ಹೋದ ವರ್ಷಗಳೂ ಬೇಕಾದಷ್ಟಿವೆ. ಹಣ್ಣು ಅದೇ, ಸಾರು ಮಾಡುವ ಮನೆಗಳೂ ಅಷ್ಟೇ. ಆದರೂ ರೇಟು ಹತ್ತು ಇಪ್ಪತ್ತು ಪಟ್ಟು ಕುಣಿಯುತ್ತದೆ. ದಲ್ಲಾಳಿಯನ್ನು ಬೈದುಕೊಂಡರೆ ಮನಸ್ಸು ಹಗುರವಾದೀತು, ಲೆಕ್ಕ ತಿಳಿಯುವುದಿಲ್ಲ. ಆ ಕುಣಿತವನ್ನು ಅಳೆಯುವುದು ಹೇಗೆ, ಅಳೆದ ಮೇಲೆ ಕೀಳುವ, ಬಿಡುವ, ನಾಟಿ ಮಾಡುವ ತೀರ್ಮಾನಕ್ಕೆ ಅದನ್ನು ಬಳಸುವುದು ಹೇಗೆ ಎಂಬುದು ಇಲ್ಲಿದೆ. ಮುಂದೆ ಬರುವ ಲೆಕ್ಕಗಳಲ್ಲಿನ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಅಂಕಿ ಹಾಕಿಕೊಂಡೇ ತೀರ್ಮಾನಿಸಿ.

ನೋಟ್‌ಬುಕ್ಕಿನಿಂದ ಶುರು

ಬೇಕಾಗುವುದು ಒಂದು ನೋಟ್‌ಬುಕ್ಕು, ದಿನಕ್ಕೆ ಐದು ನಿಮಿಷ. ರಾಜ್ಯದ ಕೃಷಿ ಮಾರಾಟ ವಾಹಿನಿ ಎಂಬ ಜಾಲತಾಣದಲ್ಲೂ ಕೇಂದ್ರದ ಅಗ್‌ಮಾರ್ಕ್‌ನೆಟ್‌ನಲ್ಲೂ ಮಂಡಿವಾರು ಆವಕ (ಮಂಡಿಗೆ ಬಂದ ಮಾಲು), ಕನಿಷ್ಠ ದರ, ಗರಿಷ್ಠ ದರ, ಮಾಡಲ್ ದರ ಸಿಗುತ್ತವೆ. ಹೆಚ್ಚಿನ ಮಾಲು ಯಾವ ರೇಟಿಗೆ ಹೋಯಿತೋ ಅದೇ ಮಾಡಲ್ ದರ. ತಾರೀಕು, ಆವಕ, ಮಾಡಲ್ ದರ, ಆ ದಿನ ಬಂದ ಹಣ್ಣು ಗಟ್ಟಿಯೋ ಮಳೆ ಹೊಡೆದದ್ದೋ, ಹೊರರಾಜ್ಯಕ್ಕೆ ಲಾರಿ ಎಷ್ಟು ತುಂಬುತ್ತಿದ್ದವು, ಈ ಐದು ಕಾಲಂ ಸಾಕು. ಕೊನೆಯದು ಯಾವ ಜಾಲತಾಣದಲ್ಲೂ ಇರುವುದಿಲ್ಲ. ಮಂಡಿಯಲ್ಲಿ ಹಮಾಲರನ್ನು ಕೇಳಿದರೆ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ.

ಮೊದಲು ಎಡವುವುದು ಅಳತೆಯಲ್ಲಿ. ಸರ್ಕಾರಿ ದರ ಕ್ವಿಂಟಲಿಗೆ, ಮಂಡಿಯ ಮಾತು ಬಾಕ್ಸಿಗೆ. ಕ್ವಿಂಟಲ್ ದರವನ್ನು 0.15ರಿಂದ ಗುಣಿಸಿದರೆ 15 ಕೆಜಿ ಬಾಕ್ಸಿನ ದರ ಬರುತ್ತದೆ: 2,000 ಇದ್ದರೆ ಬಾಕ್ಸು 300. ಚಿಂತಾಮಣಿ, ಮದನಪಲ್ಲಿ ಅಂತ ಬೇರೆ ಬೇರೆ ಮಂಡಿ ಹೋಲಿಸುವಾಗ ಎಲ್ಲವನ್ನೂ ಕೆಜಿಗೆ ಇಳಿಸಿಯೇ ನೋಡಿ. ಬಾಕ್ಸಿನ ತೂಕ ಎಲ್ಲ ಕಡೆ ಒಂದೇ ಎಂದುಕೊಂಡರೆ ಲೆಕ್ಕ ಅಲ್ಲೇ ಕೆಟ್ಟಿತು.

ಎರಡನೆಯದು ವಾಟ್ಸಾಪಿನಲ್ಲಿ ಓಡಾಡುವ ಟಾಪ್ ರೇಟು. ‘ಇವತ್ತು 800 ಹೋಯ್ತಂತೆ’ ಎಂಬ ಸುದ್ದಿ ಹತ್ತು ಇಪ್ಪತ್ತು ಬಾಕ್ಸಿನ ಒಂದು ಚೆಂದದ ಲಾಟಿನದು. ಉಳಿದ ಸಾವಿರಾರು ಬಾಕ್ಸು ಐನೂರಕ್ಕೆ ಹೋಗಿರುತ್ತವೆ. ಅದನ್ನು ನಂಬಿ ನೋಟ್‌ಬುಕ್ಕು ತುಂಬಿದರೆ, ತುಂಬದೇ ಇದ್ದದ್ದೇ ವಾಸಿ.

ಬಿಗಿ ಎಷ್ಟು, ಸಡಿಲ ಎಷ್ಟು

‘ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ’ ಎಂದು ಪಿಯುಸಿ ಪುಸ್ತಕದಲ್ಲಿ ನಾಲಿಗೆ ತೊಡರುವ ಹೆಸರಿದೆ. ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್ 1890ರಲ್ಲಿ ಇದಕ್ಕೆ ಖಚಿತ ರೂಪ ಕೊಟ್ಟರು. ಹೆಸರು ಎಷ್ಟು ಭಾರವೋ ವಿಷಯ ಅಷ್ಟೇ ಹಗುರ: ಬೆಲೆ ನೂರಕ್ಕೆ ಒಂದು ಪಾಲು ಸರಿದರೆ ಕೊಳ್ಳುವ ಪ್ರಮಾಣ ನೂರಕ್ಕೆ ಎಷ್ಟು ಪಾಲು ಸರಿಯುತ್ತದೆ ಎಂಬುದು. ಉತ್ತರ ಒಂದಕ್ಕಿಂತ ಕಡಿಮೆ ಬಂದರೆ ಬೇಡಿಕೆ ಬಿಗಿ, ಹೆಚ್ಚು ಬಂದರೆ ಸಡಿಲ.

ಒಂದು ವಾರ ದಿನಕ್ಕೆ 60,000 ಬಾಕ್ಸು ಬಂದು ಬಾಕ್ಸಿಗೆ 300 ಸಿಕ್ಕಿತು ಎನ್ನಿ. ಮುಂದಿನ ವಾರ 72,000 ಬಾಕ್ಸು ಬಂದು 200ಕ್ಕೆ ಇಳಿಯಿತು. ಶೇಕಡಾವಾರು ತೆಗೆಯುವಾಗ ಹಳೆಯ ಅಂಕಿಯಿಂದಲೂ ಭಾಗಿಸಬೇಡಿ, ಹೊಸದರಿಂದಲೂ ಬೇಡ, ಎರಡರ ನಡುವಿನದರಿಂದ ಭಾಗಿಸಿ. ಕಾರಣ ಇಷ್ಟೇ: 300ರಿಂದ 200ಕ್ಕೆ ಇಳಿದರೆ ಶೇ 33, 200ರಿಂದ 300ಕ್ಕೆ ಏರಿದರೆ ಶೇ 50. ಅದೇ ನೂರು ರೂಪಾಯಿಗೆ ಎರಡು ಉತ್ತರ ಬರಬಾರದು.

ಆವಕದ ವ್ಯತ್ಯಾಸ 12,000; ನಡುವಿನ ಅಂಕಿ 66,000; ಭಾಗಿಸಿದರೆ ಶೇ 18.2.
ಬೆಲೆಯ ವ್ಯತ್ಯಾಸ 100. ನಡುವಿನ ಅಂಕಿ 250. ಭಾಗಿಸಿದರೆ ಶೇ 40.
18.2ನ್ನು 40ರಿಂದ ಭಾಗಿಸಿದರೆ ಸುಮಾರು 0.45.

ಬೇಡಿಕೆ ಬಿಗಿ. ಇದನ್ನೇ ತಿರುವಿ ಹಾಕಿ, 40ನ್ನು 18.2ರಿಂದ ಭಾಗಿಸಿ: 2.2. ಮಂಡಿಯಲ್ಲಿ ಕೆಲಸಕ್ಕೆ ಬರುವುದು ಈ ಎರಡನೇ ಅಂಕಿ. ಆವಕ ನೂರಕ್ಕೆ ಒಂದು ಪಾಲು ಏರಿದರೆ ರೇಟು ನೂರಕ್ಕೆ ಎರಡು ಪಾಲಿಗೂ ಮಿಗಿಲಾಗಿ ಇಳಿಯುತ್ತದೆ ಎಂದು ಅದು ಹೇಳುತ್ತದೆ.

ಈಗ ಒಟ್ಟು ದುಡ್ಡು ನೋಡಿ. ಮೊದಲ ವಾರ ದಿನಕ್ಕೆ 60,000 ಗುಣಿಸು 300, ಅಂದರೆ 1 ಕೋಟಿ 80 ಲಕ್ಷ. ಎರಡನೇ ವಾರ 72,000 ಗುಣಿಸು 200, ಅಂದರೆ 1 ಕೋಟಿ 44 ಲಕ್ಷ. ಹನ್ನೆರಡು ಸಾವಿರ ಬಾಕ್ಸು ಹೆಚ್ಚು ಕಿತ್ತು, ಹೊತ್ತು, ತಂದು, ರೈತರೆಲ್ಲ ಸೇರಿ ದಿನಕ್ಕೆ 36 ಲಕ್ಷ ಕಡಿಮೆ ಪಡೆದರು. ಬೇಡಿಕೆ ಬಿಗಿಯಾಗಿರುವ ಮಾಲಿನಲ್ಲಿ ಒಳ್ಳೆಯ ಬೆಳೆಯೇ ಕೆಟ್ಟ ವರ್ಷ ತರುವುದು ಹೀಗೆ.

ಇಲ್ಲಿ ಬಹಳ ಜನ ತಪ್ಪು ಪಾಠ ಕಲಿಯುತ್ತಾರೆ. ‘ಹಾಗಾದರೆ ನಾನು ಕಡಿಮೆ ಕಿತ್ತರೆ ರೇಟು ಏರುತ್ತದೆ’ ಎನ್ನುವುದು. ಏರುವುದಿಲ್ಲ. 72,000 ಬಾಕ್ಸಿನಲ್ಲಿ ನಿಮ್ಮ 80 ಬಾಕ್ಸು ಯಾವ ಲೆಕ್ಕಕ್ಕೂ ಇಲ್ಲ. 0.45 ಎಂಬುದು ಇಡೀ ಮಂಡಿಯ ಅಂಕಿ, ನಿಮ್ಮದಲ್ಲ. ನೀವು ತಡೆಹಿಡಿದರೆ ಕಳೆದುಕೊಳ್ಳುವುದು ನೀವೊಬ್ಬರೇ, ಲಾಭ ಹಂಚಿಹೋಗುವುದು ಉಳಿದವರಿಗೆ.

ಇನ್ನೊಂದು ಎಚ್ಚರಿಕೆ: 200–300ರ ನಡುವೆ ತೆಗೆದ ಅಂಕಿಯನ್ನು 1,500ರ ಬಾಕ್ಸಿಗೆ ಅಂಟಿಸಬೇಡಿ. ಬೆಲೆ ಏರುತ್ತ ಹೋದಂತೆ ಬೇಡಿಕೆ ಸಡಿಲವಾಗುತ್ತದೆ. ಕೆಜಿ 20 ಇದ್ದದ್ದು 30 ಆದರೆ ಯಾರೂ ಟೊಮೆಟೊ ಬಿಡುವುದಿಲ್ಲ. 120 ಆದಾಗ ಸಾರಿಗೆ ಹುಣಸೆಹುಳಿ ಬೀಳುತ್ತದೆ, ಹೋಟೆಲಿನಲ್ಲಿ ಕೆಂಪು ಚಟ್ನಿ ಮಾಯವಾಗುತ್ತದೆ, ಕೆಜಿ ಒಯ್ಯುತ್ತಿದ್ದವರು ಕಾಲು ಕೆಜಿ ಕೇಳುತ್ತಾರೆ.

ರೇಟು ಸರಿದದ್ದು ಯಾರಿಂದ

ಮೇಲಿನ ಲೆಕ್ಕ ಸರಿಬರುವುದು ಕೊಳ್ಳುವವರ ಕಡೆ ಏನೂ ಬದಲಾಗದೆ ಮಾಲು ಮಾತ್ರ ಹೆಚ್ಚುಕಡಿಮೆ ಆದಾಗ. ಅದನ್ನು ಪತ್ತೆ ಹಚ್ಚಲು ಆವಕ ಮತ್ತು ರೇಟಿನ ಕಾಲಂಗಳನ್ನು ಒಟ್ಟಿಗೆ ನೋಡಿ.

ಆವಕ ಏರಿ ರೇಟು ಇಳಿದರೆ, ಅಥವಾ ಆವಕ ಇಳಿದು ರೇಟು ಏರಿದರೆ, ಸರಿದದ್ದು ಪೂರೈಕೆ. ನಿಮ್ಮ ಲೆಕ್ಕ ನಂಬಬಹುದು. ಆವಕವೂ ಏರಿ ರೇಟೂ ಏರಿದರೆ ಹೊಸ ಕೊಳ್ಳುವವರು ಬಂದಿದ್ದಾರೆ ಎಂದು ಅರ್ಥ. ಮಳೆಗಾಲದಲ್ಲಿ ಉತ್ತರದ ಬಯಲಲ್ಲಿ ಟೊಮೆಟೊ ಕಡಿಮೆ. ಆಗ ದೆಹಲಿ, ಉತ್ತರ ಪ್ರದೇಶ, ಪಶ್ಚಿಮ ಬಂಗಾಳದ ಕಡೆಗೆ ಕೋಲಾರದಿಂದ ಲಾರಿ ಹೊರಡುತ್ತವೆ. ಈ ಹೊತ್ತಿನಲ್ಲಿ ಸ್ಥಿತಿಸ್ಥಾಪಕತ್ವ ತೆಗೆಯಲು ಹೋದರೆ ಬೆಲೆ ಏರಿದಷ್ಟೂ ಜನ ಹೆಚ್ಚು ಕೊಳ್ಳುತ್ತಾರೆ ಎಂಬ ಹುಚ್ಚು ಉತ್ತರ ಬರುತ್ತದೆ. ಆ ವಾರಗಳನ್ನು ಲೆಕ್ಕದಿಂದ ಬಿಡಿ.

ಎರಡೂ ಇಳಿದಾಗ ಸ್ವಲ್ಪ ನಿಧಾನಿಸಬೇಕು. ಕೊಳ್ಳುವವರು ಹಿಂದೆ ಸರಿದಿರಬಹುದು: ಲಾರಿ ಮುಷ್ಕರ, ಉತ್ತರದಲ್ಲಿ ಸ್ಥಳೀಯ ಮಾಲು ಬಂದಿರುವುದು. ಅಥವಾ ಹಣ್ಣೇ ಕೆಟ್ಟಿರಬಹುದು. ಮೂರು ದಿನ ಬಿಡದೆ ಮಳೆ ಹೊಡೆದರೆ ಹಣ್ಣು ಸೀಳುತ್ತದೆ, ಚುಕ್ಕಿ ಬೀಳುತ್ತದೆ. ದೂರದ ಲಾರಿಗೆ ತುಂಬುವಂಥ ಗಟ್ಟಿ ಹಣ್ಣು ಇರುವುದಿಲ್ಲ. ಆವಕ ಕಡಿಮೆ, ಮಾಡಲ್ ದರವೂ ಕಡಿಮೆ, ಗರಿಷ್ಠ ದರ ಮಾತ್ರ ಆಕಾಶದಲ್ಲಿ. ಕನಿಷ್ಠ–ಗರಿಷ್ಠಗಳ ನಡುವಿನ ಅಂತರ ಹಿಗ್ಗಿದ ದಿನ ಸಮಸ್ಯೆ ಬೇಡಿಕೆಯದಲ್ಲ, ಹಣ್ಣಿನದು. ಗ್ರೇಡ್ ಮಾಡಿ ಒಯ್ದವನಿಗೆ ಅಂಥ ದಿನವೇ ಹೆಚ್ಚು ಸಿಗುವುದು.

ಬೇಡಿಕೆ ಸರಿಯುವುದಕ್ಕೆ 2023ರಲ್ಲೇ ಒಂದು ವಿಚಿತ್ರ ಉದಾಹರಣೆ ಇದೆ. ಆ ಜುಲೈ 14ರಿಂದ ಕೇಂದ್ರ ಸರ್ಕಾರ ಎನ್‌ಸಿಸಿಎಫ್ ಎಂಬ ಸಹಕಾರ ಸಂಸ್ಥೆಯ ಮೂಲಕ ದೆಹಲಿಯ ಕಡೆ ಕೆಜಿಗೆ 90 ರೂಪಾಯಿಗೆ, ಆಮೇಲೆ 80ಕ್ಕೆ, 70ಕ್ಕೆ ಟೊಮೆಟೊ ಮಾರಿಸಿತು. ಮಾಲು ಕೊಂಡದ್ದು ಆಂಧ್ರ, ಕರ್ನಾಟಕ, ಮಹಾರಾಷ್ಟ್ರದ ಮಂಡಿಗಳಿಂದ. ತಿನ್ನುವ ಊರಿನಲ್ಲಿ ಬೆಲೆ ತಗ್ಗಿಸುವ ಕ್ರಮ, ಬೆಳೆಯುವ ಊರಿನ ಹರಾಜಿನಲ್ಲಿ ಮಾತ್ರ ಇನ್ನೊಬ್ಬ ಕೊಳ್ಳುವವನಾಗಿ ನಿಲ್ಲುತ್ತದೆ. ಟಿವಿಯಲ್ಲಿ ‘ಬೆಲೆ ಇಳಿಕೆಗೆ ಕ್ರಮ’ ಎಂದು ಕೇಳಿದಾಕ್ಷಣ ಅದು ಯಾವ ತುದಿಯ ಬೆಲೆ ಎಂದು ಕೇಳಿಕೊಳ್ಳಿ.

ಅಂಗಡಿಯ ಬೆಲೆ, ತೋಟದ ಬೆಲೆ

ಬೆಂಗಳೂರಿನ ಅಂಗಡಿಯಲ್ಲಿ ಕೆಜಿ 30, ತೋಟದ ಬಾಗಿಲಲ್ಲಿ 12. ನಡುವಿನ 18ರಲ್ಲಿ ಬಾಡಿಗೆ, ಹಮಾಲಿ, ಮಳಿಗೆ, ಕೊಳೆತು ಹೋದದ್ದು, ಎರಡು ಮೂರು ಕೈಗಳ ಲಾಭ ಎಲ್ಲ ಸೇರಿದೆ. ಇದರಲ್ಲಿ ಬಹುಪಾಲು ಹಣ್ಣಿನ ಬೆಲೆಗೆ ತಕ್ಕಂತೆ ಏರಿಳಿಯುವುದಿಲ್ಲ. ಲಾರಿಯವನಿಗೆ ಒಳಗಿರುವ ಟೊಮೆಟೊ ಚಿನ್ನವೋ ಕಸವೋ, ಡೀಸೆಲ್ ಅಷ್ಟೇ.

ಅಂಗಡಿಯಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ 0.6 ಎಂದಿಟ್ಟುಕೊಳ್ಳಿ. ಮಾಲು ಶೇ 12 ಹೆಚ್ಚು ಬಂದರೆ ಅದೆಲ್ಲ ಖರ್ಚಾಗಲು ಅಂಗಡಿ ಬೆಲೆ ಶೇ 20 ಇಳಿಯಬೇಕು, 30 ಹೋಗಿ 24. ಆ 6 ರೂಪಾಯಿ ಎಲ್ಲಿಂದ ಬರಬೇಕು? ನಡುವಿನ 18 ಅಲ್ಲಾಡದಿದ್ದರೆ ತೋಟದ 12ರಿಂದಲೇ. ಹನ್ನೆರಡು ಹೋಗಿ ಆರು. ಕೊಳ್ಳುವವರಿಗೆ ಐದರಲ್ಲೊಂದು ಪಾಲು ಅಗ್ಗ, ಬೆಳೆದವರಿಗೆ ಅರ್ಧ ನಷ್ಟ.

ಸೂತ್ರ ಬೇಕೆಂದರೆ, ಅಂಗಡಿಯ ಸ್ಥಿತಿಸ್ಥಾಪಕತ್ವವನ್ನು ರೈತನ ಪಾಲಿನಿಂದ ಗುಣಿಸಿ. ಪಾಲು 12 ಭಾಗಿಸು 30, ಅಂದರೆ 0.4. ಗುಣಿಸಿದರೆ ತೋಟದ ಬಾಗಿಲಿನ ಸ್ಥಿತಿಸ್ಥಾಪಕತ್ವ 0.24. ಪಾಲು ಕಿರಿದಾದಷ್ಟೂ ತೋಟದ ರೇಟಿನ ಕುಣಿತ ಜೋರು. ಗ್ರಾಹಕರಿಗೆ ನೇರವಾಗಿ ಮಾರುವವರ ರೇಟು ಅಷ್ಟಾಗಿ ಬೀಳದಿರುವುದಕ್ಕೆ ಕಾರಣ ಅವರ ಜಾಣತನಕ್ಕಿಂತ ಈ 0.4ರ ಬದಲು 0.8 ಇರುವುದು.

ಇವತ್ತು ಕೀಳಬೇಕೋ ಬೇಡವೋ

ರೇಟು ಬಿದ್ದಾಗ ಹೆಚ್ಚು ದುಡ್ಡು ಕಳೆದುಹೋಗುವುದು ತಪ್ಪು ಗೆರೆ ಹಿಡಿದುಕೊಂಡು ಕೂತದ್ದರಿಂದ. ಎರಡು ಗೆರೆ ಬೇರೆ ಬೇರೆ ಬರೆದಿಟ್ಟುಕೊಳ್ಳಿ.

ಮೊದಲನೆಯದು ಕೀಳುವ ಗೆರೆ. ಇವತ್ತು ಕೀಳದಿದ್ದರೆ ಉಳಿಯುವ ಖರ್ಚು ಮಾತ್ರ ಇದರಲ್ಲಿ ಸೇರಬೇಕು. ಆಳಿಗೆ ಕೂಲಿ 450, ಒಬ್ಬರು ದಿನಕ್ಕೆ 18 ಬಾಕ್ಸು ಕೀಳುತ್ತಾರೆ ಎಂದರೆ ಬಾಕ್ಸಿಗೆ 25. ಟೆಂಪೋ ಬಾಡಿಗೆ ಬಾಕ್ಸಿಗೆ 20. ಹಮಾಲಿ, ಬಾಕ್ಸಿನ ಬಾಡಿಗೆ ಸೇರಿ 8. ಒಟ್ಟು 53. ಮಂಡಿಯವರು ಚೀಟಿಯಲ್ಲಿ ಕಮಿಷನ್ ಎಂದು ನೂರಕ್ಕೆ 10 ಹಿಡಿದರೆ 53ನ್ನು 0.9ರಿಂದ ಭಾಗಿಸಬೇಕು: 59. ಕರ್ನಾಟಕದ ಎಪಿಎಂಸಿ ನಿಯಮದಂತೆ ಕಮಿಷನ್ ಕೊಡಬೇಕಾದವನು ಖರೀದಿದಾರ, ರೈತನಲ್ಲ. ಹಾಗಾಗಿ ಮುಂದೆ 53ನ್ನೇ ಗೆರೆಯಾಗಿ ಹಿಡಿದಿದೆ. ಬಿಳಿ ಚೀಟಿ ಕೊಟ್ಟರೆ ಒಪ್ಪಿಕೊಳ್ಳದೆ ನಂಬರಿರುವ ಬಿಲ್ಲು ಕೇಳಿ, ಇಲ್ಲದಿದ್ದರೆ ಏನೇನು ಕಳೆದರು ಎಂಬುದು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಎರಡನೆಯದು ಪೂರ್ತಿ ಖರ್ಚಿನ ಗೆರೆ. ನಾರು (ಸಸಿ), ಗೊಬ್ಬರ, ಮಲ್ಚಿಂಗ್ ಶೀಟು, ಕಡ್ಡಿ, ದಾರ, ಔಷಧಿ ಎಲ್ಲ ಸೇರಿ ಎಕರೆಗೆ 2 ಲಕ್ಷ, ಇಳುವರಿ 1,500 ಬಾಕ್ಸು ಎಂದರೆ ಬಾಕ್ಸಿಗೆ 133. ಕೀಳುವ ಖರ್ಚು 53 ಸೇರಿಸಿದರೆ 186.

ರೇಟು 186ಕ್ಕಿಂತ ಮೇಲಿದ್ದರೆ ಲಾಭ. 53ರಿಂದ 186ರ ನಡುವೆ ಇದ್ದರೆ ಒಟ್ಟಾರೆ ನಷ್ಟವೇ, ಆದರೂ ಕೀಳಬೇಕು. 120 ಸಿಕ್ಕರೆ ಹಾಕಿದ ಬಂಡವಾಳದಲ್ಲಿ ಬಾಕ್ಸಿಗೆ 67 ವಾಪಸು ಬರುತ್ತದೆ. ಕೀಳದಿದ್ದರೆ ಅದೂ ಇಲ್ಲ. ‘ಅಸಲೇ ಬರಲ್ಲ, ಯಾಕೆ ಕೀಳಲಿ’ ಎಂಬ ಮಾತಿನಲ್ಲಿ ನೋವಿದೆ, ಲೆಕ್ಕವಿಲ್ಲ. ಕಡ್ಡಿಗೆ, ಔಷಧಿಗೆ ಹೋದ ದುಡ್ಡು ಇವತ್ತಿನ ತೀರ್ಮಾನಕ್ಕೆ ಸಂಬಂಧಪಟ್ಟದ್ದಲ್ಲ, ಅದು ಆಗಲೇ ಹೋಗಿದೆ.

53ಕ್ಕಿಂತ ಕೆಳಗೆ ಬಂದರೆ ಬಿಡಬಹುದು. ಆದರೆ ಗಿಡದಲ್ಲಿ ಇನ್ನೂ ಹೂವು, ಹೀಚು ಇದ್ದರೆ ಇನ್ನೊಂದು ಅಂಶ ಸೇರಿಸಿ. ಹಣ್ಣಾದದ್ದನ್ನು ಬಿಟ್ಟರೆ ಅಲ್ಲೇ ಕೊಳೆತು ಕಾಯಿಕೊರಕ, ರೋಗ ಹಬ್ಬುತ್ತವೆ, ಮುಂದಿನ ಕೊಯ್ಲು ಹಾಳಾಗುತ್ತದೆ. ಹಾಗಾಗಿ ಎಳೆಯ ತೋಟದಲ್ಲಿ ಕೀಳುವ ಕೂಲಿ 25 ಹೇಗಿದ್ದರೂ ಖರ್ಚಾಗುವುದೇ. ಅಲ್ಲಿ ಗೆರೆ 53 ಅಲ್ಲ, ಸಾಗಣೆ ಮತ್ತು ಹಮಾಲಿಯ 28. ಮುಗಿಯುತ್ತ ಬಂದ ತೋಟದಲ್ಲಿ 53ಕ್ಕೇ ನಿಲ್ಲಿಸಿ. ಒಂದೇ ದಿನ, ಒಂದೇ ರೇಟಿಗೆ ಅಕ್ಕಪಕ್ಕದ ಎರಡು ತೋಟದವರು ಬೇರೆ ಬೇರೆ ತೀರ್ಮಾನ ಮಾಡಿ ಇಬ್ಬರೂ ಸರಿಯಿರಬಹುದು.

ಕಾಯುವುದಕ್ಕೆ ಎಷ್ಟು ದಿನ ಇದೆ? ಬಣ್ಣ ತಿರುಗಿದ ಹಣ್ಣಿಗೆ ಎರಡು ಮೂರು ದಿನ. ಅಂದರೆ ವಾರದೊಳಗೆ ಪೂರೈಕೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಇತ್ತ ಬೇಡಿಕೆಯೂ ಬಿಗಿ, ಅತ್ತ ಪೂರೈಕೆಯೂ ಬಿಗಿ. ಬಾಕ್ಸಿನ ರೇಟು ಇಷ್ಟು ಕುಣಿಯುವುದು ಅದಕ್ಕೇ.

ಮುಂದಿನ ರೇಟು ನರ್ಸರಿಯಲ್ಲಿ ಕಾಣುತ್ತದೆ

ವಾರದ ಲೆಕ್ಕದಲ್ಲಿ ಬಿಗಿಯಾದ ಪೂರೈಕೆ ಮೂರು ತಿಂಗಳ ಲೆಕ್ಕದಲ್ಲಿ ವಿಪರೀತ ಸಡಿಲ. ಪ್ರೋಟ್ರೇ ಎಂಬ ಗುಳಿಗಳ ತಟ್ಟೆಯಲ್ಲಿ ನಾರು ಬೆಳೆಯಲು 25–30 ದಿನ, ನಾಟಿಯಿಂದ ಮೊದಲ ಕೊಯ್ಲಿಗೆ ಸುಮಾರು 65–75 ದಿನ, ಆಮೇಲೆ ಒಂದೂವರೆ ಎರಡು ತಿಂಗಳು ಹಣ್ಣು. ಜುಲೈ ಮಧ್ಯದಲ್ಲಿ ರೇಟು ನೋಡಿ ನಾಟಿ ಮಾಡಿದವರ ಹಣ್ಣು ಸೆಪ್ಟೆಂಬರ್ ಕೊನೆಗೆ ಬರುತ್ತದೆ, ಅದೇ ರೇಟು ನೋಡಿದ ಎಲ್ಲರದ್ದೂ ಒಟ್ಟಿಗೆ. 2023ರಲ್ಲಿ ಎರಡು ಸಾವಿರ ಕಂಡ ಬಾಕ್ಸು ಸೆಪ್ಟೆಂಬರ್‌ನಲ್ಲಿ ನೆಲ ಕಚ್ಚಿತು. ಆಗ ಬಿಟ್ಟವರಿಂದಾಗಿ ಮತ್ತೆ ಕೊರತೆ, ಮತ್ತೆ ಏರಿಕೆ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಜೇಡರಬಲೆ ಎಂಬ ಹೆಸರು. ನಿಕೋಲಸ್ ಕಾಲ್ಡರ್ 1934ರಲ್ಲಿ ಇಟ್ಟದ್ದು. ಚಿತ್ರ ಬಿಡಿಸಿದರೆ ಬೆಲೆ, ಪ್ರಮಾಣಗಳ ಗೆರೆ ನಿಜವಾಗಲೂ ಬಲೆಯಂತೆ ಸುತ್ತುತ್ತದೆ.

ಬಲೆಯ ಹೊರಗಿರಲು ಇವತ್ತಿನ ರೇಟು ನೋಡಿ ನಾಟಿ ತೀರ್ಮಾನಿಸಬೇಡಿ. ಹದಿನೈದು ದಿನಕ್ಕೊಮ್ಮೆ ಹತ್ತಿರದ ಮೂರು ನಾಲ್ಕು ನರ್ಸರಿಯವರನ್ನು ಮಾತಾಡಿಸಿ. ‘ನಾರು ಖಾಲಿ, ಇಪ್ಪತ್ತು ದಿನ ಕಾಯಬೇಕು’ ಎಂದರೆ ಆ ತಾರೀಕಿನ ಮುಂದೆ ಎರಡೂವರೆ ತಿಂಗಳು ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಆವಕ ಏರುವ ಕಾಲ ಅದು. ‘ಟ್ರೇ ಹಾಗೇ ಬಿದ್ದಿದೆ, ಅರ್ಧ ರೇಟಿಗೆ ಒಯ್ಯಿರಿ’ ಎಂದರೆ ಅದೂ ಒಂದು ಗುರುತು, ತಿರುವಿ ಓದಬೇಕು. ಬಿಳಿನೊಣ, ಎಲೆ ಮುದುರು ರೋಗ ಜೋರಿದ್ದರೆ ನಾಟಿಯಾದದ್ದೆಲ್ಲ ಹಣ್ಣಾಗುವುದಿಲ್ಲ. ಆ ವರ್ಷ ನರ್ಸರಿ ಲೆಕ್ಕ ಸುಳ್ಳು ಹೇಳುತ್ತದೆ.

ಜೊತೆಗೆ ಬೇರೆ ಊರುಗಳ ಸಮಯವೂ ಗೊತ್ತಿರಬೇಕು. ಹಿಮಾಚಲದ ಸೋಲನ್ ಕಡೆಯ ಹಣ್ಣು ಜುಲೈ–ಆಗಸ್ಟ್‌ನಲ್ಲೂ, ಮಹಾರಾಷ್ಟ್ರದ ಪಿಂಪಳಗಾಂವ್ ಕಡೆಯದು ಆಗಸ್ಟ್ ದಾಟಿದ ಮೇಲೂ ಜೋರಾಗುತ್ತದೆ. ಕೊಳ್ಳುವವನಿಗೆ ಇನ್ನೊಂದು ಮಂಡಿ ಸಿಕ್ಕಾಗ ಕೋಲಾರದ ಹಣ್ಣಿನ ಬೇಡಿಕೆ ಸಡಿಲವಾಗುತ್ತದೆ. ನೀವು ಹತ್ತು ರೂಪಾಯಿ ಹೆಚ್ಚು ಕೇಳಿದರೆ ಅವನು ಲಾರಿಯನ್ನೇ ಬೇರೆ ಕಡೆ ತಿರುಗಿಸುತ್ತಾನೆ. ಎರಡು ಎಕರೆ ಇದ್ದರೆ ಒಂದೇ ದಿನ ನಾಟಿ ಮಾಡದೆ ಮೂರು ಪಾಲು ಮಾಡಿ ಇಪ್ಪತ್ತು ದಿನದ ಅಂತರದಲ್ಲಿ ಹಾಕಿ. ಟಾಪ್ ರೇಟು ಪೂರ್ತಿ ಸಿಗುವುದಿಲ್ಲ, ನಿಜ. ಪೂರ್ತಿ ತಪ್ಪುವುದೂ ಇಲ್ಲ.

ಚಿಕ್ಕಬಳ್ಳಾಪುರದ ಹೂವಿನದು ಇದೇ ಕಥೆಯ ಚಿಕ್ಕ ರೂಪ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೂವಿನ ಬೇಡಿಕೆ ಕಬ್ಬಿಣದಷ್ಟು ಬಿಗಿ, ಶನಿವಾರ ಬೆಳಿಗ್ಗೆ ಅದೇ ಸೇವಂತಿಗೆ ಕೇಳುವವರಿಲ್ಲ. ಹಬ್ಬದ ತಾರೀಕು ಪಂಚಾಂಗದಲ್ಲಿ ಎಲ್ಲರಿಗೂ ಕಾಣುವುದರಿಂದ ಎಲ್ಲರೂ ಅದೇ ದಿನಕ್ಕೆ ಗುರಿ ಇಟ್ಟಿರುತ್ತಾರೆ ಎಂಬುದನ್ನು ಮರೆಯಬೇಡಿ.

ಅಟ್ಟದ ಮೇಲಿನ ಕೊಬ್ಬರಿ

ತುಮಕೂರು ಜಿಲ್ಲೆಯ ತಿಪಟೂರು ಕಡೆಯ ಉಂಡೆ ಕೊಬ್ಬರಿಗೆ ಲೆಕ್ಕ ಪೂರ್ತಿ ಬೇರೆ. ಕಾಯಿ ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಕೂತು ಒಣಗುತ್ತದೆ. ಅಲ್ಲಾಡಿಸಿದರೆ ಒಳಗೆ ಉಂಡೆ ಲೊಡಲೊಡ ಎನ್ನುತ್ತದೆ. ಸುಲಿದು ಒಡೆಯುವವರೆಗೆ ಕಾಯಬಹುದು, ಒಡೆದ ಮೇಲೆ ಮಾರಲೇಬೇಕು. ಕಾಯುವ ಅವಕಾಶ ಇದ್ದರೆ ಪೂರೈಕೆ ಸಡಿಲ, ಹಾಗಾಗಿ ರೇಟು ದಿನದಿನಕ್ಕೆ ಟೊಮೆಟೊದಷ್ಟು ಹಾರುವುದಿಲ್ಲ. ಆದರೆ ತೆಂಗಿನ ಸಸಿ ಫಲಕ್ಕೆ ಬರಲು ವರ್ಷಗಳೇ ಬೇಕು. ಬೆಲೆ ಏರಿತೆಂದು ಮುಂದಿನ ವರ್ಷ ಕಾಯಿ ಹೆಚ್ಚಾಗುವುದಿಲ್ಲ, ಎಳನೀರಿಗೆ ಇಳಿಸಿದ ಕಾಯಿ ಕೊಬ್ಬರಿಯಾಗುವುದೂ ಇಲ್ಲ. ಏರಿಳಿತ ಇಲ್ಲಿ ನಿಧಾನ, ಬಂದಾಗ ದೊಡ್ಡದು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಬಹಳ ಕೆಳಗಿತ್ತು. 2025ರಲ್ಲಿ ಬೆಂಬಲ ಬೆಲೆ 12,100, ಮಾರುಕಟ್ಟೆ 20,000 ದಾಟಿತು. ಬೆಂಬಲ ಬೆಲೆ ನಿಮ್ಮನ್ನು ಕಾಯುವುದು ಖರೀದಿ ಕೇಂದ್ರ ತೆರೆದು, ನಿಮ್ಮ ನೋಂದಣಿ ಆಗಿ, ನಿಗದಿ ಪ್ರಮಾಣದೊಳಗೆ ನಿಮ್ಮ ಮಾಲು ಸೇರಿದಾಗ ಮಾತ್ರ.

ಇಡಬೇಕೋ ಮಾರಬೇಕೋ ಎಂಬುದಕ್ಕೆ ಹೀಗೆ ಲೆಕ್ಕ ಹಾಕಿ. ಇವತ್ತು ಕ್ವಿಂಟಲ್ 16,000, ಆರು ತಿಂಗಳು ಇಡುವ ಯೋಚನೆ. ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ 960. ತೂಕ ಇಳಿದದ್ದು, ಇಲಿ, ಬೂಷ್ಟು ಸೇರಿ ನೂರಕ್ಕೆ 2 ಎಂದರೆ 320. ಏರಿಸಿ ಇಳಿಸುವ ಕೂಲಿ 100. ಒಟ್ಟು 17,380. ಆರು ತಿಂಗಳ ಬಳಿಕ ಇದಕ್ಕಿಂತ ಹೆಚ್ಚು ಸಿಗುತ್ತದೆ ಎಂದು ನಂಬಲು ಕಾರಣ ಬೇಕು, ಬರೀ 16,000 ದಾಟುತ್ತದೆ ಎಂಬುದು ಸಾಲದು. ಸಾಲ ಇಲ್ಲದವರು ಬಡ್ಡಿ ಬಿಟ್ಟು ಲೆಕ್ಕ ಹಾಕುತ್ತಾರೆ; ಅದು ತಪ್ಪು, ಇವತ್ತೇ ಮಾರಿ ಬ್ಯಾಂಕಿಗೆ ಹಾಕಿದ್ದರೆ ಬರುತ್ತಿದ್ದ ಬಡ್ಡಿಯಾದರೂ ಸೇರಬೇಕು. ಪಕ್ಕದ ನಾಲ್ಕು ಮನೆಯ ಅಟ್ಟವೂ ತುಂಬಿದೆಯೇ ಎಂದು ಒಮ್ಮೆ ವಿಚಾರಿಸಿ. ತುಂಬಿದ್ದರೆ, ರೇಟು ಸ್ವಲ್ಪ ಏರಿದ ದಿನವೇ ಎಲ್ಲರೂ ಒಟ್ಟಿಗೆ ಕಾಯಿ ಒಡೆಯುತ್ತಾರೆ. ಆಗ ಅರ್ಧವನ್ನು ಈಗಲೇ ಮಾರಿ, ಉಳಿದರ್ಧಕ್ಕೆ 17,380ರ ಗೆರೆ ಇಟ್ಟುಕೊಳ್ಳಿ.